ಜಾತಿ ನಾಯಿಗೊಂದು ಜಾತ್ಯತೀತ ಮನೆ

ಹೈದರಾಬಾದಿನ ತಾರ್ನಾಕದಲ್ಲಿ ಬದನೆಕಾಯಿ ಕೊಳ್ಳುವವರೂ ಪುರಾವೆ ಕೇಳುತ್ತಾರೆ. ಕೇಳದೆ ಏನು ಮಾಡಿಯಾರು? ಒಂದು ಕಡೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಇನ್ನೊಂದು ಕಡೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ, ಅದರಾಚೆ ರಾಸಾಯನಿಕ ತಂತ್ರಜ್ಞಾನದವರು, ಹಬ್ಸಿಗುಡಾ ಕಡೆ ತಿರುಗಿದರೆ ಜೀವಕೋಶ ಮತ್ತು ಆಣ್ವಿಕ ಜೀವವಿಜ್ಞಾನದ ಸಿಸಿಎಂಬಿ. ಹುಳ ಇಲ್ಲ ಅಂತ ಗಾಡಿಯವನು ಆಣೆ ಮಾಡಿದರೂ ಇಲ್ಲಿ ನಡೆಯುವುದಿಲ್ಲ. ಕಾಯಿ ಕೊಯ್ದೇ ತೋರಿಸಬೇಕು.

ಇಂಥ ಊರಿನ ಒಂದು ಕನ್ನಡ ಮನೆಯವರು ಈಗ ನಾಯಿ ತರಲು ಹೊರಟಿದ್ದಾರೆ. ಮೂಲ ಕಲಬುರಗಿ. ಯಜಮಾನರು ನಿವೃತ್ತ ವಿಜ್ಞಾನಿ, ಬೀದಿಗೆಲ್ಲ ‘ಡಾಕ್ಟ್ರು’. ಅವರ ಮನೆಯವರು ನಮಗೆಲ್ಲ ವೈನಿ. ಡಾಕ್ಟ್ರು ಮತ್ತು ಮಗ ಪಗ್ ಪಕ್ಷ, ವೈನಿ ಮತ್ತು ಮಗಳು ಶಿಟ್ಜು ಪಕ್ಷ. ಸಣ್ಣ ನಾಯಿಯೇ ಯಾಕೆಂದರೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬಾಯಿಮಾತಿನಲ್ಲಿ ಕಾನೂನು ಮಾಡಿದ್ದಾರೆ: ಮೊಣಕಾಲಿಗಿಂತ ಎತ್ತರದ್ದು ಲಿಫ್ಟ್ ಹತ್ತುವಂತಿಲ್ಲ. ನಾಯಿಯ ತಳಿ ನೋಡಿ, ಗಾತ್ರ ನೋಡಿ ನಿಷೇಧ ಹಾಕುವ ಅಧಿಕಾರ ಇಂಥ ಸಂಘಗಳಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿ ವರ್ಷಗಳೇ ಆದವು. ಆದರೆ ಮಂಡಳಿಯವರು ನೀರಿನ ಟ್ಯಾಂಕರ್ ಕಳಿಸುವುದಿಲ್ಲ, ಕಾರ್ಯದರ್ಶಿ ಕಳಿಸುತ್ತಾರೆ. ನಡುವೆ ಕನ್ನಡಾಭಿಮಾನಿಯೊಬ್ಬರು ಮುಧೋಳ ನಾಯಿಯ ಪರ ಭಾಷಣ ಮಾಡಿ ಹೋದರು. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಮುಧೋಳದ್ದು ಎರಡು ಹೆಜ್ಜೆ ಓಡಿದರೆ ಮೂರನೆಯದು ಬಾಲ್ಕನಿಯ ಆಚೆ.

ಇದು ಪ್ರಗತಿಪರ ಮನೆ, ಅದನ್ನು ಹೇಳಲೇಬೇಕು. 2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರದ ಜಾತಿ ಸಮೀಕ್ಷೆಯವರು 75 ಪ್ರಶ್ನೆಗಳ ನಮೂನೆ ಹಿಡಿದು ಬಂದಾಗ ಡಾಕ್ಟ್ರು ಎದೆಯುಬ್ಬಿಸಿ, “ಜಾತಿ ಇಲ್ಲ ಅಂತ ಬರಕೋರಿ” ಅಂದಿದ್ದರು. ಅದೇ ಸೋಫಾದ ಮೇಲೆ ಕೂತು ಈಗ ನಾಯಿಮರಿ ಮಾರುವವನ ವಿಚಾರಣೆ. ಅಪ್ಪ ಯಾರು? ಅಮ್ಮ ಯಾರು? ಅಜ್ಜನ ಕಡೆ ಏನಾದರೂ ಕ್ರಾಸ್ ಆಗಿದೆಯೋ? ಬಣ್ಣ ಬೆಳ್ಳಗಿದೆಯೋ? ಗಂಡು ತಾನೇ? ಸಮೀಕ್ಷೆಯವರ ನಮೂನೆ ವೈನಿಯ ಮುಂದೆ ಏನೇನೂ ಅಲ್ಲ. ಕನ್ಯೆ ನೋಡಲು ಹೋದ ಬೀಗರಾದರೂ ಉಪ್ಪಿಟ್ಟು ತಿನ್ನುವಾಗ ಸುಮ್ಮನಿರುತ್ತಾರೆ. ಇವರು ಚಹಾ ಗುಟುಕರಿಸುತ್ತಲೇ ಮರಿಯ ಹಲ್ಲು ಎಣಿಸಿದರು. ಗಂಡು ಮರಿಗೆ ರೇಟು ಜಾಸ್ತಿ ಅಂದಾಗ ಯಾರೂ ಚಕಾರ ಎತ್ತಲಿಲ್ಲ. ಗಂಡಿಗೆ ಕೊಟ್ಟು ಅಭ್ಯಾಸವಿರುವ ದೇಶ.

ಪಗ್ ಪಕ್ಷದ ವಾದಕ್ಕೆ ಬುನಾದಿ 2003ರ ಹಚ್ ಜಾಹೀರಾತು. ಅದರಲ್ಲಿ ಹುಡುಗ ಎಲ್ಲಿ ಹೋದರೂ ಪಗ್ ಹಿಂದೆ ಹಿಂದೆ ಹೋಗುತ್ತದೆ. ಇಡೀ ದೇಶ ಅದರ ಹಿಂದೆ ಹೋಯಿತು. ಹಚ್ ಹೋಗಿ ವೊಡಾಫೋನ್ ಬಂತು, ಅದೂ ಐಡಿಯಾ ಜೊತೆ ಸೇರಿ ಇನ್ನೊಂದು ಹೆಸರಿಟ್ಟುಕೊಂಡಿತು. ಪಗ್ ಮಾತ್ರ ಗೊರಕೆ ಹೊಡೆಯುತ್ತ ಉಳಿದುಕೊಂಡಿತು. ಆ ಗೊರಕೆ ಡಾಕ್ಟ್ರ ಕಿವಿಗೆ ‘ಕ್ಯೂಟ್’. ಮುಖ ಚಪ್ಪಟೆಯಾಗಲೆಂದು ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬುರುಡೆಯ ಮೂಳೆ ಕುಗ್ಗಿಸಿದ, ಒಳಗಿನ ಮೆತ್ತನೆ ಅಂಗುಳು ಕುಗ್ಗಲಿಲ್ಲ. ಅದು ಉಸಿರಿನ ದಾರಿಗೇ ಅಡ್ಡ. ಮೂಗಿನ ಹೊಳ್ಳೆಯೋ, ಬರೀ ಗೆರೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಉಸಿರಾಡಲಾಗದ ಪ್ರಾಣಿಯನ್ನು ಹೈದರಾಬಾದಿನ 42 ಡಿಗ್ರಿಯ ಮೇ ತಿಂಗಳಿಗೆ ಕರೆತರುವುದು ಪ್ರೀತಿಯೋ ಪ್ರಯೋಗವೋ? ಪ್ರಯೋಗವಾದರೆ ನೈತಿಕ ಸಮಿತಿಯ ಅನುಮತಿ ಬೇಕೆಂದು ಡಾಕ್ಟ್ರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಶಿಟ್ಜು ಗೆದ್ದಿತೇ? ಅದೂ ಮೋಟು ಮೂಗಿನದೇ, ಕೂದಲು ಮುಚ್ಚಿರುವುದರಿಂದ ಕಾಣುವುದಿಲ್ಲ ಅಷ್ಟೆ. ಮೂತಿಯ ಉದ್ದ ತಲೆಬುರುಡೆಯ ಮೂರನೇ ಒಂದು ಪಾಲಿಗಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಮಾಡಿಸಕೂಡದೆಂದು 2019ರಲ್ಲಿ ನೆದರ್ಲೆಂಡ್ಸ್ ಕಟ್ಟಪ್ಪಣೆ ಮಾಡಿದಾಗ ಪಟ್ಟಿಯಲ್ಲಿ ಪಗ್ಗೂ ಇತ್ತು, ಶಿಟ್ಜುವೂ ಇತ್ತು. “ಚೀನಾ ಅರಮನೆ ನಾಯಿ ಅದು, ಪಕ್ಕಾ ರಾಜಮನೆತನ” ಎನ್ನುತ್ತಾರೆ ವೈನಿ. ರಾಜಮನೆತನದ ಕಥೆ ಹೀಗಿದೆ: ಚೀನಾದಲ್ಲಿ ಕ್ರಾಂತಿಯಾಗಿ ಅರಮನೆಗಳ ಕಾಲ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದದ್ದು ಕೆಲವೇ ನಾಯಿಗಳು. ಇಂದಿನ ಶಿಟ್ಜುಗಳೆಲ್ಲ ಏಳು ಗಂಡು, ಏಳು ಹೆಣ್ಣು, ಒಟ್ಟು 14 ನಾಯಿಗಳ ಸಂತಾನ ಎಂದು ತಳಿಯ ಅಭಿಮಾನಿಗಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬಳಗ ತೀರಾ ಹತ್ತಿರದ್ದಾಯಿತೆಂದು 1952ರಲ್ಲಿ ಇಂಗ್ಲೆಂಡಿನ ಒಬ್ಬಾಕೆ ಪೆಕಿಂಗೀಸ್ ಗಂಡೊಂದನ್ನು ಕೂಡಿಸಿದಳು. ಕುಲ ಕೆಟ್ಟಿತೆಂದು ಶಿಟ್ಜು ಮಂದಿ ಹೌಹಾರಿದರು. ಆಮೇಲೆ ಕೆಲವು ತಲೆಮಾರು ಕಳೆದದ್ದೇ ಆ ಮೊಮ್ಮಕ್ಕಳೂ ‘ಶುದ್ಧ’ರೆಂದು ಕಾಗದ ಸಿಕ್ಕಿತು. ಶುದ್ಧವಾಗುವ ಈ ವಿಧಾನವನ್ನು ನಮ್ಮ ಮಠಗಳೂ ಒಮ್ಮೆ ಗಮನಿಸಬಹುದು.

ಸಂಬಂಧದೊಳಗೇ ಸಂಬಂಧ ಮಾಡುತ್ತ ಹೋದರೆ ಏನಾಗುತ್ತದೆಂದು ತಿಳಿಯಲು ನೆದರ್ಲೆಂಡ್ಸ್‌ಗೆ ಹೋಗಬೇಕಾಗಿಲ್ಲ, ಹಬ್ಸಿಗುಡಾ ಸಾಕು. ಸಿಸಿಎಂಬಿಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಖ್ ಮತ್ತು ಸಂಗಡಿಗರು 2017ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಲೆಕ್ಕ ಕೊಟ್ಟರು. ಕೆಲವೇ ಪೂರ್ವಜರಿಂದ ಹುಟ್ಟಿ, ಹೊರಗಿನವರಿಗೆ ಹೆಣ್ಣು ಕೊಡದೆ ತರದೆ ಉಳಿದು, ವಂಶವಾಹಿಯಲ್ಲಿ ಅದರ ಗುರುತು ಫಿನ್ಲೆಂಡಿನವರಿಗಿಂತಲೂ ಅಶ್ಕೆನಾಜಿ ಯೆಹೂದಿಗಳಿಗಿಂತಲೂ ಗಾಢವಾಗಿದ್ದ ಸಮುದಾಯಗಳು 81. ಅಪ್ಪನಲ್ಲೂ ಅಮ್ಮನಲ್ಲೂ ಅಡಗಿ ಕೂತ ಒಂದೇ ದೋಷ ಮಗುವಿನಲ್ಲಿ ಕಾಯಿಲೆಯಾಗಿ ಏಳುವ ಸಾಧ್ಯತೆ ಅಲ್ಲಿ ಹೆಚ್ಚು. ಈ ಪ್ರಬಂಧವನ್ನು ಡಾಕ್ಟ್ರು ಎಷ್ಟೋ ವೇದಿಕೆಗಳಲ್ಲಿ ಹೊಗಳಿದ್ದಾರೆ. ನೆನಪಿಸಿದೆ.

“ಖರೇ ಅದ. ಅದು ಮನಷ್ಯಾರ ವಿಷಯ. ನಾಯಿ ಮಾತ್ರ ಪ್ಯೂರ್ ಇರಬೇಕ್ ನೋಡ್ರಿ,” ಅಂದರು.

ವೈನಿಯ ಮುಖ್ಯ ಪ್ರಶ್ನೆ ಬೇರೆ: “ಮರಿ ವೆಜ್ ಅದ ಇಲ್ಲೊ?” ನಗಬೇಡಿ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಕರಗಿಸುವ ವಂಶವಾಹಿಯ ಪ್ರತಿಗಳು ಹೆಚ್ಚೆಂದು 2013ರಲ್ಲೇ ಗೊತ್ತಾಗಿದೆ. ಮನುಷ್ಯನ ಜೊತೆ ಬಾಳಿದ್ದಕ್ಕೆ ಅನ್ನ ಅರಗಿಸಿಕೊಳ್ಳಲು ಕಲಿತ ಪ್ರಾಣಿ ಅದು. ಇನ್ನೊಂದು ತಮಾಷೆ, ಉಳ್ಳಾಗಡ್ಡಿ ಬಳ್ಳೊಳ್ಳಿ ನಾಯಿಗೆ ವಿಷ. ಅವೆರಡನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮಡಿ ಅಡುಗೆಮನೆ ಈ ಒಂದು ವಿಷಯದಲ್ಲಿ ಪಶುವೈದ್ಯರ ಮೆಚ್ಚುಗೆ ಪಡೆದೀತು. ಹಾಗಂತ ಪ್ರಸಾದ ಕೊಡಬೇಡಿ, ಒಣದ್ರಾಕ್ಷಿಯೂ ವಿಷವೇ.

ಕೊನೆಗೆ ಬಿಳಿ ಗಂಡು ಶಿಟ್ಜು ಗೆದ್ದಿತು. ಕಾರಣ ವಿಜ್ಞಾನವಲ್ಲ: ಹೊಸ ಪರದೆಗಳಿಗೆ ಪಗ್ಗಿನ ಬಣ್ಣ ಹೊಂದಲಿಲ್ಲ. ಮರಿಗೆ 45 ದಿನ ಅಂದ ಮಾರುವವನು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ತಳಿಗಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎನ್ನುತ್ತವೆ 2017ರ ನಿಯಮಗಳು. ಬದನೆಕಾಯಿಗೆ ಪುರಾವೆ ಕೇಳುವವರು ಇದನ್ನು ಕೇಳಲಿಲ್ಲ. ಅವರು ಕೇಳಿದ್ದು ಒಂದೇ: ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರ, ಮೂರು ತಲೆಮಾರಿನದು. ಮಾರುವವನು ವ್ಯವಹಾರಸ್ಥ. “ಪೇಪರ್ ಬ್ಯಾಡಂದ್ರ ಹತ್ತು ಸಾವಿರ ಕಡಿಮಿ ಮಾಡ್ತೀನ್ರಿ ಸಾಹೇಬ್ರ, ಮರಿ ಅದೇ.” ಮರಿ ಅದೇ! ಅದೇ ಕಿವಿ, ಅದೇ ಬಾಲ, ಕಟ್ಟಿಕೊಂಡ ಅದೇ ಮೂಗು.

ಡಾಕ್ಟ್ರು ಪೂರಾ ಹಣ ಕೊಟ್ಟರು. ವಂಶಾವಳಿ ಪತ್ರದ ಅರ್ಜಿಯಲ್ಲಿ ಮಾಲೀಕರ ಪೂರ್ಣ ಹೆಸರಿನ ಜಾಗವಿತ್ತು. ಉಸ್ಮಾನಿಯಾದಲ್ಲಿ ಓದುವಾಗ ಜಾತಿ ತಿಳಿಯುತ್ತದೆಂದು ಕತ್ತರಿಸಿ ಎಸೆದ ಮನೆತನದ ಅಡ್ಡಹೆಸರು, ಅವರ ಪ್ರಬಂಧಗಳಲ್ಲಿಲ್ಲ, ಆಧಾರ್ ಕಾರ್ಡಿನಲ್ಲಿಲ್ಲ, ಮಕ್ಕಳ ಹೆಸರಿನ ಮುಂದೂ ಇಲ್ಲ. ಪೆನ್ನು ತೆಗೆದು ಅದನ್ನು ದಪ್ಪಕ್ಷರದಲ್ಲಿ ಬರೆದರು. ಕಾಗುಣಿತ ಸರಿಯಿದೆಯೇ ಎಂದು ವೈನಿ ಎರಡು ಸಲ ನೋಡಿದರು.