ಪೇಜ್ ಫೈಲೂ ಪತಿರಾಯರೂ

ಎಕ್ಸ್‌ಪಿ ಕಾಲದ ನಮ್ಮ ಕಂಪ್ಯೂಟರಿಗೆ ಇದ್ದದ್ದು 256 ಎಂಬಿ ರ‍್ಯಾಮ್. ಇನ್ನೊಂದು ಅಷ್ಟೇ ಹಾಕಿಸಿದರೆ ಸರಿಹೋಗುತ್ತೆ ಅಂತ ಎಸ್.ಪಿ. ರೋಡಿನ ಅಂಗಡಿಯ ಹುಡುಗ ಹೇಳಿದ್ದ. ದುಡ್ಡು ಬಿಚ್ಚುವ ಮಾತು ಬಂದಾಗಲೇ ನನ್ನೊಳಗಿನ ತಂತ್ರಜ್ಞ ಎದ್ದು ಕೂರುವುದು. ವರ್ಚುವಲ್ ಮೆಮೊರಿ, ಅಂದರೆ ಹಾರ್ಡ್ ಡಿಸ್ಕಿನಲ್ಲಿ ಕೂರುವ ಪೇಜ್ ಫೈಲು, ಬಿಟ್ಟಿ ಸಿಗುವಾಗ ರ‍್ಯಾಮಿಗೆ ಯಾಕೆ ಸುರಿಯಬೇಕು?

ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಸೆಟ್ಟಿಂಗ್ಸ್, ಅದರೊಳಗೆ ಮತ್ತೊಂದು ಅಡ್ವಾನ್ಸ್‌ಡ್. ಇಷ್ಟು ಮುಂದುವರಿದ ಜಾಗಕ್ಕೆ ನಮ್ಮ ವಠಾರದಲ್ಲಿ ಬೇರೆ ಯಾರೂ ಕಾಲಿಟ್ಟಿರಲಾರರು. ಅಲ್ಲಿ ಪೇಜ್ ಫೈಲಿನ ಅಳತೆಗೆ ಎರಡು ಖಾಲಿ ಚೌಕ. ರ‍್ಯಾಮಿನ ಒಂದೂವರೆ ಪಟ್ಟು ಕನಿಷ್ಠ, ಮೂರು ಪಟ್ಟು ಗರಿಷ್ಠ ಅನ್ನುವುದು ರೂಢಿ. ಆ ಪ್ರಕಾರ 384, 768. ಎರಡೂ ಕಡೆ ಒಂದೇ ಅಂಕಿ ಹಾಕಿದರೆ ಫೈಲು ಹಿಗ್ಗಿ ಕುಗ್ಗಿ ಚೂರುಚೂರಾಗುವುದಿಲ್ಲ ಅನ್ನುವ ಇನ್ನೊಂದು ಪಂಥವೂ ಇತ್ತು. ನಾನು ವಾರಕ್ಕೊಮ್ಮೆ ಮತಾಂತರವಾಗುತ್ತಿದ್ದೆ. ಪೇಜ್ ಫೈಲನ್ನು ಸಿ ಡ್ರೈವಿನಿಂದ ಡಿ ಡ್ರೈವಿಗೂ ಸಾಗಿಸಿದೆ. ಎರಡೂ ಇದ್ದದ್ದು ಒಂದೇ ಹಾರ್ಡ್ ಡಿಸ್ಕಿನಲ್ಲಿ. ಪಾಪ, ಅದರ ಮುಳ್ಳು ಇನ್ನಷ್ಟು ದೂರ ಓಡಾಡಬೇಕಾಯಿತು, ಅಷ್ಟೆ.

ಒಂದು ಸಂಜೆ ಮನೆಯವಳು ನುಡಿ ತಂತ್ರಾಂಶದಲ್ಲಿ ಸಂಘದ ವರದಿ ಟೈಪ್ ಮಾಡುತ್ತಿದ್ದಳು. 'ಗೌರವಾನ್ವಿತ' ಅಂತ ಹೊಡೆದರೆ 'ಗೌ' ಮೂಡಿ ನಿಂತಿತು. ಡಬ್ಬಿಯ ಕೆಂಪು ದೀಪ ಆರದೆ ಉರಿಯುತ್ತಿತ್ತು, ಒಳಗೆ ಕರಕರ ಸದ್ದು. ಕಾಫಿ ಸೋಸಿ ತಂದು ಕೂತಳು. ಆಗ 'ರವಾ' ಬಂತು.

"ನೋಡೇ, ರ‍್ಯಾಮ್ ಅಂದ್ರೆ ಅಡುಗೆ ಕಟ್ಟೆ, ಪೇಜ್ ಫೈಲು ಅಟ್ಟ," ಅಂತ ಶುರುಮಾಡಿದೆ. "ಕಟ್ಟೆ ತುಂಬಿದರೆ ಸಾಮಾನು ಅಟ್ಟಕ್ಕೆ."

"ಅಂದ್ರೆ ಒಗ್ಗರಣೆ ಹೊತ್ತಿಗೆ ಸಾಸಿವೆ ಡಬ್ಬಿಗೆ ಏಣಿ ಹತ್ತಬೇಕು?"

"ಅಟ್ಟ ದೊಡ್ಡದು ಮಾಡಿದೀನಲ್ಲ!"

"ಕಟ್ಟೆ?"

ರ‍್ಯಾಮಿನಿಂದ ತೆಗೆಯುವ ಕೆಲಸ ನ್ಯಾನೊಸೆಕೆಂಡುಗಳ ಲೆಕ್ಕ. ತಿರುಗುವ ಡಿಸ್ಕಿಗೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಲಕ್ಷ ಪಟ್ಟು ನಿಧಾನ ಅಂದರೂ ತಪ್ಪಿಲ್ಲ. ಇದನ್ನು ನಾನು ಬಾಯಿಬಿಡಲಿಲ್ಲ. ಬದಲಿಗೆ ಇತಿಹಾಸ ತೆಗೆದೆ. "ಮ್ಯಾಂಚೆಸ್ಟರ್ ಯೂನಿವರ್ಸಿಟಿಯವರು 1962ರಲ್ಲೇ ಅಟ್ಲಾಸ್ ಕಂಪ್ಯೂಟರಿಗೆ ಇದೇ ಉಪಾಯ ಮಾಡಿದ್ರು. ಸಣ್ಣ ಮೆಮೊರಿ, ದೊಡ್ಡ ಡ್ರಮ್ಮು, ಎರಡೂ ಸೇರಿ ಒಂದೇ ಅನ್ನೋ ಹಾಗೆ!"

"ಅವರಿಗೆ ಎಸ್.ಪಿ. ರೋಡು ದೂರ ಇತ್ತೇನೋ ರೀ."

ಮರುದಿನ ಚೀಟಿ ದುಡ್ಡಿನಲ್ಲಿ ಅವಳೇ ರ‍್ಯಾಮ್ ತಂದಳು. ಕಂಪ್ಯೂಟರು ಓಡತೊಡಗಿತು. ಪಕ್ಕದ ಮನೆಯ ರಾಯರು ಬೆರಗಾಗಿ ಕೇಳಿದಾಗ, "ಪೇಜ್ ಫೈಲು ಒಂಚೂರು ಹದ ಮಾಡಿದೆ ಸಾರ್," ಅಂದೆ. ಭಾನುವಾರ ಬೆಳಿಗ್ಗೆಯೇ ಅವರ ಸಿಪಿಯು ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿತು. ರ‍್ಯಾಮ್ 128.

ಒಳಗಿನಿಂದ ದನಿ ಬಂತು: "ರೀ, ಏಣಿ ತರಲಾ?"