ಪಾಂಡಾ ಬಂತು, ಪೆಂಗ್ವಿನ್ ಬಂತು, ಸೀರೆ ಅಲ್ಲೇ ಇದೆ

ಚಿಕ್ಕಪೇಟೆಯ ಸೀರೆ ಅಂಗಡಿ ಯಜಮಾನರನ್ನು ಹೆದರಿಸುವುದು ಅಷ್ಟು ಸುಲಭವಲ್ಲ. ತೆರಿಗೆಯವರು, ಆಷಾಢ ಮಾಸ, ಮೂರು ತಲೆಮಾರಿನ ಹೆಂಗಸರನ್ನು ಒಟ್ಟಿಗೇ ಕರೆತರುವ ಮದುವೆ ಮನೆಯವರು, ಎಲ್ಲವನ್ನೂ ಅರಗಿಸಿಕೊಂಡ ಜೀವ ಅದು. ಅಂಥವರೂ ಒಂದು ಕಾಲಕ್ಕೆ ಪಾಂಡಾ ಅಂದರೆ ಬೆವರುತ್ತಿದ್ದರು.

ಆಗಿನ ವೆಬ್‌ಸೈಟುಗಳು ನೆನಪಿವೆಯಲ್ಲ? ಮೇಲೆ ಗಣಪತಿ, ಕೆಳಗೆ ಎಷ್ಟು ಜನ ಬಂದು ಹೋದರೆಂದು ಎಣಿಸುವ ಮೀಟರು, ನಡುವೆ ಅಡ್ಡಡ್ಡ ಓಡುವ 'ವೆಲ್‌ಕಮ್'. ಗೂಗಲ್ ಹುಡುಕಾಟದಲ್ಲಿ ಅಂಗಡಿಯನ್ನು ಮೇಲಕ್ಕೇರಿಸುವ ಎಸ್‌ಇಒ ಮಾಡಿಕೊಡುತ್ತೇನೆಂದು ಬಂದ ಹುಡುಗ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ 'ಸಿಲ್ಕ್ ಸ್ಯಾರಿ ಬ್ಯಾಂಗಲೋರ್' ಎಂದು ನೂರೆಂಟು ಸಲ ಬರೆದಿಟ್ಟು, ಗಿರಾಕಿಗೆ ಕಾಣದ್ದು ಗೂಗಲ್ಲಿಗೆ ಕಾಣುತ್ತದೆ ಸಾರ್ ಎಂದು ಕಣ್ಣು ಹೊಡೆದ. 2011ರಲ್ಲಿ ಗೂಗಲ್ ಪಾಂಡಾ ಎಂಬ ಬದಲಾವಣೆ ತಂದು ಟೊಳ್ಳು ಪುಟಗಳನ್ನೆಲ್ಲ ಹಿಂದಕ್ಕೆ ತಳ್ಳಿತು. 2012ರಲ್ಲಿ ಪೆಂಗ್ವಿನ್ ಬಂದು ದುಡ್ಡು ಕೊಟ್ಟು ಹಾಕಿಸಿಕೊಂಡ ಲಿಂಕುಗಳನ್ನು ಕುಕ್ಕಿತು. ಮರುವರ್ಷ ಹಮ್ಮಿಂಗ್‌ಬರ್ಡ್. 'ನಾನು ನಡೆಸ್ತಿರೋದು ಅಂಗಡಿಯೋ ಬನ್ನೇರುಘಟ್ಟವೋ?' ಎಂದರು ಯಜಮಾನರು. ಪಾಂಡಾ ಅಂದರೆ ಪ್ರಾಣಿಯಲ್ಲ, ಗೂಗಲ್‌ನ ಎಂಜಿನಿಯರ್ ನವನೀತ್ ಪಾಂಡಾ ಅವರ ಹೆಸರು ಎಂದು ಗೊತ್ತಾದಾಗ ಮುಖ ಅರಳಿತು: 'ನಮ್ಮ ದೇಶದ ಹೆಸರೇ ಅನ್ನಿ! ಹಾಗಾದ್ರೆ ಯಾರಿಂದಲಾದ್ರೂ ಒಂದು ಮಾತು ಹೇಳಿಸಬಹುದಲ್ಲ?'

2015ರ ಏಪ್ರಿಲ್ 21ರಿಂದ ಮೊಬೈಲಿಗೆ ಒಗ್ಗದ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಹಿಂದಿನ ಬೆಂಚು ಎಂದಾಯಿತು. ಸೈಟು ಮತ್ತೆ ಕಟ್ಟಿಸಿದರು. ಫೇಸ್‌ಬುಕ್ಕಿನಲ್ಲಿ ಲೈಕು ಗುಡ್ಡೆ ಹಾಕಿದರು. 2018ರ ಜನವರಿಯಲ್ಲಿ ಜುಕರ್‌ಬರ್ಗ್ ಸಾಹೇಬರು ಇನ್ನು ಮೇಲೆ ಮನೆಯವರು, ಸ್ನೇಹಿತರು ಮೊದಲು, ಅಂಗಡಿಗಳು ಆಮೇಲೆ ಎಂದರು. ಯಜಮಾನರ ಪೋಸ್ಟು ಅವರ ಸೊಸೆಗೂ ಕಾಣದಂತಾಯಿತು. ಕಾಣಬೇಕೆ? ಬೂಸ್ಟ್ ಮಾಡಿ. ಅಂದರೆ ದುಡ್ಡು ಕಟ್ಟಿ. ಮಗ ಟಿಕ್‌ಟಾಕ್‌ನಲ್ಲಿ ಸೆರಗು ಹಾರಿಸಿ ಹೆಸರು ಮಾಡುವಷ್ಟರಲ್ಲಿ, 2020ರ ಜೂನ್ 29ರಂದು ಸರ್ಕಾರ ಅದೂ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಅದೇ ಕುಣಿತ, ಬೇರೆ ಚಪ್ಪರ.

ಕೊರೋನಾ ಕಾಲದಲ್ಲಿ ಅಂಗಡಿಯ ಶಟರ್ ಇಳಿಯಿತು ನೋಡಿ, ಆಗ ಶುರುವಾಯಿತು ನಿಜವಾದ ಮಜಾ. ಲೈವ್! ಒಬ್ಬಾಕೆ ಫೋನಿನ ಮುಂದೆ ನಿಂತು ಉಸಿರು ಬಿಡದೆ ಸೀರೆ ಬಿಚ್ಚುತ್ತಾಳೆ. 'ಸಾಫ್ಟ್ ಸಿಲ್ಕ್ ಅಕ್ಕಾ, ರಿಚ್ ಪಲ್ಲು, ಬ್ಲೌಸ್ ಅಟ್ಯಾಚ್ಡ್, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿ, ಒಂದೇ ಪೀಸು!' ಆ ಒಂದೇ ಪೀಸು ನಾಳೆಯ ಲೈವಿನಲ್ಲೂ ಇರುತ್ತದೆ, ಇರಲಿ. ಕೆಳಗೆ ಯಾರೋ 'ರೇಟ್ ಪ್ಲೀಸ್' ಎಂದರೆ ಉತ್ತರ: 'ಇನ್‌ಬಾಕ್ಸ್ ಮಾಡಿ ಮೇಡಂ.' ಎಲ್ಲರೆದುರು ರೇಟು ಹೇಳಿದರೆ ಪಕ್ಕದ ಅಂಗಡಿಯವನು ಐವತ್ತು ರೂಪಾಯಿ ಇಳಿಸಿಬಿಡುತ್ತಾನಲ್ಲ! ದನದ ಜಾತ್ರೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಿದ್ದರಲ್ಲ, ಈ ಇನ್‌ಬಾಕ್ಸು ಅದೇ ಟವೆಲು. ಇದನ್ನು ಹೊಸ ತಂತ್ರ ಎಂದು ಕಲಿಸಲು ಫೀಸು ತೆಗೆದುಕೊಳ್ಳುವವರ ಧೈರ್ಯವನ್ನು ಮೆಚ್ಚಬೇಕು.

ಹೊಂದಿಕೊಳ್ಳುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ತಕರಾರು ಏನೆಂದರೆ, ದೂರದ ಕ್ಯಾಲಿಫೋರ್ನಿಯಾದವರ ಮರ್ಜಿಗೆ ಹೊಂದಿಕೊಂಡಷ್ಟು ಚುರುಕಾಗಿ ಗಿರಾಕಿಗೆ ಹೊಂದಿಕೊಳ್ಳುವುದಿಲ್ಲ. ರೀಲಿಗೆ ಡ್ರೋನ್ ಹಾರಿಸಿದ ಅಂಗಡಿ ಗೂಗಲ್ ಮ್ಯಾಪ್‌ನಲ್ಲಿ ಭಾನುವಾರವೂ 'ತೆರೆದಿದೆ'. ತುಮಕೂರಿನಿಂದ ಸಂಸಾರ ಸಮೇತ ಬಂದವರು ಬೀಗದ ಡಿಸೈನ್ ನೋಡಿಕೊಂಡು ಹೋಗುತ್ತಾರೆ. ವಾಟ್ಸಾಪ್‌ನಲ್ಲಿ 'ನಿಮ್ಮ ಸಂದೇಶಕ್ಕೆ ಧನ್ಯವಾದ' ಎಂದು ಅರೆಕ್ಷಣದಲ್ಲಿ ಉತ್ತರ ಬರುತ್ತದೆ. ಆಮೇಲೆ ಸೀಮಂತ ಮುಗಿದರೂ ಸುದ್ದಿಯಿಲ್ಲ.

ಈಗ ಎಐ ಸರದಿ. 2024ರ ಆಗಸ್ಟ್‌ನಿಂದ ನಮ್ಮಲ್ಲೂ ಗೂಗಲ್ ಎಷ್ಟೋ ಪ್ರಶ್ನೆಗಳಿಗೆ ಮೇಲ್ಗಡೆಯೇ ಉತ್ತರ ಬರೆದುಕೊಡುತ್ತಿದೆ. ಓದಿದವರು ಕೆಳಗಿಳಿದು ಅಂಗಡಿಯ ಸೈಟಿಗೆ ಯಾಕೆ ಬರಬೇಕು? ಎಸ್‌ಇಒ ಹುಡುಗ, ಈಗ ತಲೆ ಅರ್ಧ ನೆರೆತಿದೆ, ಲ್ಯಾಪ್‌ಟಾಪ್ ತೆಗೆದು ಗಂಭೀರವಾಗಿ ಹೇಳಿದ:

'ಎಸ್‌ಇಒ ಸತ್ತೋಯ್ತು ಸಾರ್. ಇನ್ಮೇಲೆ ಜಿಇಒ. ಚಾಟ್‌ಜಿಪಿಟಿ ಬಾಯಲ್ಲಿ ನಮ್ಮ ಅಂಗಡಿ ಹೆಸರು ಬರಬೇಕು.'

ಯಜಮಾನರು ಗಲ್ಲಾಪೆಟ್ಟಿಗೆ ಮುಚ್ಚಿ ಕನ್ನಡಕ ಏರಿಸಿದರು.

'ಸತ್ತೋಯ್ತಾ? ಮತ್ತೆ ಈ ತಿಂಗಳೂ ಅದರ ಬಿಲ್ಲು ಕಳಿಸಿದ್ದೀಯಲ್ಲಯ್ಯಾ?'