ಅಂವನ ನೋಡ್ರಿ ಕೊಲಿಗಾರ

ಬೆಳಗಾವಿಯ ಶಹಾಪುರದಲ್ಲಿ ಕೊಲೆಗಾರ ಯಾರೆಂದು ತಿಳಿಯಲು ಕಥೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸಂಜೆ ಖಡೇಬಜಾರದಿಂದ ನಾಥ ಪೈ ಸರ್ಕಲ್ಲಿನ ಕಡೆ ನಡೆದರೆ ಸಾಕು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು, ಮೂರು ಹೆಜ್ಜೆಗೊಮ್ಮೆ “ಛೇ” ಎನ್ನುತ್ತ ಅರವತ್ತು ದಾಟಿದ ಗೃಹಸ್ಥರೊಬ್ಬರು ಎದುರಾಗುತ್ತಾರೆ. ಯಾರೋ ತೀರಿಕೊಂಡಿರಬೇಕು ಅಂದುಕೊಂಡರೆ ನಿಮ್ಮ ಊಹೆ ಸರಿ. ಎರಡನೇ ಅಧ್ಯಾಯದಲ್ಲಿ ಒಬ್ಬ ಸಕ್ಕರೆ ಕಾರ್ಖಾನೆ ಮಾಲೀಕ ತೀರಿಕೊಂಡಿದ್ದಾನೆ. ಗೃಹಸ್ಥರು ನಿಮ್ಮನ್ನು ನಿಲ್ಲಿಸಿ, ಒಂದು ಕಿವಿಯ ವೈರು ಕಿತ್ತು, ನಿಟ್ಟುಸಿರು ಬಿಟ್ಟು ಹೇಳುತ್ತಾರೆ:

“ಡಾಕ್ಟರನ ಮಾಡ್ಯಾನ್ರಿ. ಇನ್ನ ಹದಿನೆಂಟ ಅಧ್ಯಾಯ ಬಾಕಿ ಐತಿ. ಹೇಳ್ರಿ, ಇನ್ನ ನಾ ಏನ್ ಕೇಳ್ಲಿ?”

ಅದೇ ಪುಸ್ತಕವನ್ನು ಕೇಳಬೇಕೆಂದು ನೀವೂ ಫೋನಿಗೆ ಇಳಿಸಿಕೊಂಡಿದ್ದರೆ ಅದು ನಿಮ್ಮ ಕರ್ಮ.

ಇವರಿಗೆ ಹೆಸರು ಬೇಡ, ಕಾಕಾ ಎಂದರೆ ಸಾಕು. ಗಲ್ಲಿಗೊಬ್ಬರಿದ್ದಾರೆ, ವಡಗಾಂವಿ, ಖಾಸಬಾಗದ ಕಡೆ ಹೋದರೆ ಇನ್ನೂ ಹೆಚ್ಚು ಸಿಕ್ಕಾರು. ಬೆಳಗಾವಿಯವರು ಹೋಳಿಯ ಮರುದಿನವೇ ಬಣ್ಣ ಆಡಿ ಮೈ ತೊಳೆದುಕೊಂಡರೆ, ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದವರು ರಂಗಪಂಚಮಿಯವರೆಗೆ ತಡೆದುಕೊಳ್ಳುತ್ತಾರೆ. ಬಣ್ಣಕ್ಕೆ ಅಷ್ಟು ದಿನ ಕಾಯುವ ಜನ ಕೊಲೆಗಾರನನ್ನು ಹಿಡಿಯುವುದರಲ್ಲಿ ಮಾತ್ರ ಪತ್ತೇದಾರನಿಗಿಂತ ಐದು ಅಧ್ಯಾಯ ಮುಂದೆ ಇರುವುದು ಹೇಗೆ ಎಂಬುದು ನನಗೆ ಬಹಳ ದಿನ ಒಗಟಾಗಿತ್ತು.

ಉತ್ತರ ಮಗ್ಗದಲ್ಲಿತ್ತು. ಕಾಕಾ ಹರೆಯವನ್ನೆಲ್ಲ ಪಾವರ್‌ಲೂಮಿನ ಮಗ್ಗುಲಲ್ಲಿ ಕಳೆದವರು. ಆ ಸದ್ದಿನಲ್ಲಿ ಪಕ್ಕದವನು ಕೂಗಿದ್ದೂ ಕೇಳಿಸದು. ಆದರೆ ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಯಾವುದರ ಲಾಳಿ ತಾಳ ತಪ್ಪಿತೆಂದು ಒಳಮನೆಯಲ್ಲಿ ಊಟಕ್ಕೆ ಕೂತಲ್ಲಿಂದಲೇ ಹೇಳುವ ಕಿವಿ ಅವರದು. ಮಗ್ಗಗಳನ್ನು ಮಗನಿಗೆ ಒಪ್ಪಿಸಿದ ಮೇಲೆ ಆ ಕಿವಿಗೆ ಕೆಲಸವಿಲ್ಲದಾಯಿತು. ಮಗ ಪ್ರೀತಿಯಿಂದ ಒಂದು ಫೋನು ಕೊಡಿಸಿ, ಕಥೆ ಓದಿ ಹೇಳುವ ಆ್ಯಪಿಗೆ ವರ್ಷದ ಚಂದಾ ತುಂಬಿದ. ಮಗನ ಲೆಕ್ಕದಲ್ಲಿ ಅಪ್ಪನಿಗೆ ವೇಳೆ ಹೋಗುತ್ತದೆ, ಮಗ್ಗದ ಮನೆಗೆ ಬಂದು ತಪ್ಪು ಹುಡುಕುವುದು ನಿಲ್ಲುತ್ತದೆ. ತಪ್ಪು ಹುಡುಕುವುದು ನಿಲ್ಲಲಿಲ್ಲ, ಜಾಗ ಬದಲಾಯಿತು ಅಷ್ಟೆ.

ಕಾಕಾನ ಮೊದಲ ತಕರಾರು ಓದುವವನ ಮೇಲೆ. ಪುಸ್ತಕದಲ್ಲಿ “ಫೋನಿನಲ್ಲಿ ಅಪರಿಚಿತ ದನಿಯೊಂದು ಕೇಳಿಸಿತು” ಎಂದು ಬರೆದರೆ ಕೆಲಸ ಮುಗಿಯಿತು, ದನಿ ಯಾರದಾದರೂ ಆಗಬಹುದು. ಓದಿ ಹೇಳುವವನಿಗೆ ಆ ಸೌಕರ್ಯವಿಲ್ಲ. ಅವನು ಆ ದನಿಯನ್ನು ಬಾಯಿಬಿಟ್ಟು ಆಡಿ ತೋರಿಸಬೇಕು. ಗಂಟಲು ಬಿಗಿಹಿಡಿಯುತ್ತಾನೆ, ಪಿಸುಗುಟ್ಟುತ್ತಾನೆ, ಕೆಮ್ಮುತ್ತಾನೆ. ಏನು ಮಾಡಿದರೂ ಹತ್ತು ಪಾತ್ರಗಳಿಗೆ ಇರುವುದು ಒಂದೇ ಗಂಟಲು. ಕಾಕಾ ಎರಡೇ ಮಾತು ಕೇಳಿ ಗುರುತು ಹಿಡಿಯುತ್ತಾರೆ. ಇನ್ನೂ ಸೂಕ್ಷ್ಮವಾದ ಸುಳಿವು ಒಂದಿದೆ. “ಚಹಾ ಕೊಟ್ಟ ಹೋಗೋ ಹುಡುಗಗ ಇಷ್ಟ ಛಂದ ದನಿ ಯಾಕ್ ಕೊಟ್ಟಾನ ಹೇಳ್ರಿ? ಮುಂದ ಅವಂದು ಕೆಲಸ ಐತಿ!” ಓದುವವನಿಗೆ ಮೊದಲೇ ಕೊನೆ ಗೊತ್ತಿರುತ್ತದೆ, ಆದ್ದರಿಂದ ಕೊಲೆಗಾರನಿಗೆ ಅವನು ತನಗರಿವಿಲ್ಲದೆಯೇ ಒಂದು ಮಣೆ ಹೆಚ್ಚು ಹಾಕುತ್ತಾನೆ ಎಂಬುದು ಕಾಕಾನ ಸಿದ್ಧಾಂತ. ಇದನ್ನು ಅಲ್ಲಗಳೆಯಲು ನಾನು ಪ್ರಯತ್ನಿಸಿದ್ದೇನೆ, ಆಗಿಲ್ಲ.

ಎರಡನೆಯದನ್ನು ತಕರಾರು ಎಂದರೆ ಸಾಲದು, ಗಾಯವೆನ್ನಬೇಕು. ಕನ್ನಡದ ರಹಸ್ಯಕಥೆ ಕೇಳಲು ಶುರುಮಾಡಿದರೆ ಇನ್ಸ್‌ಪೆಕ್ಟರು ಬೆಂಗಳೂರು ಕನ್ನಡ ಮಾತಾಡುತ್ತಾನೆ, ವಕೀಲನೂ ಅದೇ, ಸತ್ತವನೂ ಸಾಯುವ ಮುಂಚೆ ಅದನ್ನೇ ಮಾತಾಡಿರುತ್ತಾನೆ. ಬಂಗಲೆಯ ವಾಚ್‌ಮನ್ ಮಾತ್ರ “ನಾ ಏನೂ ನೋಡೇ ಇಲ್ರೀ ಯಪ್ಪಾ” ಅನ್ನುತ್ತಾನೆ. ಅದನ್ನಾದರೂ ಸರಿಯಾಗಿ ಅನ್ನುತ್ತಾನೆಯೇ? ಧಾರವಾಡ, ಕಲಬುರಗಿ, ವಿಜಯಪುರ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ ಭಾಷೆ. ಕಾಕಾ ಒಂದು ದಿನ ನಾಥ ಪೈ ಸರ್ಕಲ್ಲಿನ ಚಹಾದಂಗಡಿಯಲ್ಲಿ ಗ್ಲಾಸು ಕುಟ್ಟಿ ಹೇಳಿದರು: “ಇವರ ಕಥಿಯೊಳಗ ನಮ್ಮ ಮಂದಿ ಹೆಣ ನೋಡಿ ಒದರಬೇಕು, ಇಲ್ಲಾ ಗೇಟ್ ತಗೀಬೇಕು. ಕೊಲಿ ಮಾಡೋವಷ್ಟ ಬುದ್ಧಿ ನಮಗ ಕೊಡಂಗೇ ಇಲ್ಲ!”

ಅಂಗಡಿಯವನು ಹೌದೆಂದು ತಲೆಯಾಡಿಸಿದ. ಬೆಳಗಾವಿಯವನೊಬ್ಬ ಅಚ್ಚುಕಟ್ಟಾಗಿ ಯೋಜನೆ ಹಾಕಿ, ಯಾರಿಗೂ ಸಿಕ್ಕಿಬೀಳದಂತೆ ಕೊಲೆ ಮಾಡುವ ಒಂದು ಕಥೆ ಬರಲಿ ಎಂದು ಅಲ್ಲಿದ್ದವರೆಲ್ಲ ಒಮ್ಮತದಿಂದ ಆಶಿಸಿದರು. ಕನ್ನಡ ಮರಾಠಿ ಎಂಬ ಭೇದವಿಲ್ಲದೆ ಈ ಊರಿನಲ್ಲಿ ಆದ ಒಪ್ಪಂದಗಳಲ್ಲಿ ಇದೂ ಒಂದು.

ಇನ್ನು ಮಾತಿನ ಉದ್ದ. ಬಹಳಷ್ಟು ಕಥೆಗಳು ಬೇರೆಲ್ಲೋ ಹುಟ್ಟಿ, ಅವಸರದಲ್ಲಿ ಅನುವಾದಗೊಂಡು ಬರುತ್ತವೆ. ಪಿಸ್ತೂಲು ಹಿಡಿದವನು “ನೀನು ಒಂದು ಹೆಜ್ಜೆ ಮುಂದಿಟ್ಟರೂ ಅದರ ಪರಿಣಾಮವನ್ನು ನೀನೇ ಎದುರಿಸಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊ” ಅನ್ನುತ್ತಾನೆ. ಕಾಕಾ ಇಲ್ಲಿ ಫೋನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. “ಇಷ್ಟ ಅನ್ನೂದ್ರೊಳಗ ಆ ಮನಶ್ಯಾ ಓಡಿ ಖಾನಾಪುರ ಮುಟ್ಟಿರ್ತಾನ.” ಕಾಡಿನ ದೃಶ್ಯ ಬಂದರೆ ತೋಳ ಊಳಿಡಲೇಬೇಕು, ಬಾಗಿಲು ಕಿರ್ರೆನ್ನಲೇಬೇಕು, ಗುಡುಗು ಎಲ್ಲ ಕಥೆಗಳಲ್ಲೂ ಅದೇ ಗುಡುಗು. ಭೀಮಗಡದ ಕಾಡಿನಂಚಿನ ಹಳ್ಳಿಯಲ್ಲಿ ಕಾಕಾನ ಬೀಗರಿದ್ದಾರೆ. ಅಲ್ಲಿ ರಾತ್ರಿ ಮಲಗಿ ಬಂದವರು ಹೇಳುವ ಮಾತು: ಕಾಡು ಹೆದರಿಸುವುದು ಸದ್ದು ಮಾಡಿ ಅಲ್ಲ, ಇದ್ದಕ್ಕಿದ್ದಂತೆ ಜೀರುಂಡೆ ಸುಮ್ಮನಾದಾಗ. ಸುಮ್ಮನಿರುವುದಕ್ಕೆ ಯಾವ ಆ್ಯಪಿನವರೂ ದುಡ್ಡು ಕೊಡುವುದಿಲ್ಲವಾದ್ದರಿಂದ ತೋಳ ಊಳಿಡುತ್ತಲೇ ಇದೆ.

ನ್ಯಾಯವಾಗಿ ಹೇಳಬೇಕೆಂದರೆ ಕಾಕಾನ ಎಲ್ಲ ದೂರುಗಳೂ ನಿಲ್ಲುವಂಥವಲ್ಲ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಕಥೆ ಹಚ್ಚಿಕೊಳ್ಳುತ್ತಾರೆ. ಹೆಣ ಸಿಗುವ ಹೊತ್ತಿಗೆ ಗೊರಕೆ. ಫೋನು ಪಾಪ, ಪಂಚನಾಮೆ, ಶವಪರೀಕ್ಷೆ, ಇಬ್ಬರು ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಕತ್ತಲಿಗೆ ಓದಿ ಹೇಳುತ್ತದೆ. ಬೆಳಿಗ್ಗೆ ಎದ್ದವರು ಎಂಟನೇ ಅಧ್ಯಾಯದಿಂದ ಮುಂದುವರಿಸಿ, “ಈ ಹೆಣ್ಮಗಳು ಯಾವಾಗ ಬಂದ್ಲು? ಕಥಿಯೊಳಗ ತೂತು ಐತಿ” ಎಂದು ತೀರ್ಪು ಕೊಡುತ್ತಾರೆ. ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತದೆ, ಕಥೆಗೆ ಆ ಮರ್ಯಾದೆಯೂ ಇಲ್ಲ ಎಂಬುದು ಅವರ ವಾದ. ಎಳೆ ಕಡಿದದ್ದು ಎಲ್ಲಿ ಎಂದು ಕಾಕಾನ ಹೆಂಡತಿ ಕಾಕೂಗೆ ಗೊತ್ತು. ಗೊರಕೆಯಿಂದ ನಿದ್ದೆ ಬಾರದೆ ಪೂರಾ ಕಥೆ ಕೇಳಿದವರು ಅವರೊಬ್ಬರೇ. ಕೇಳಿದರೆ ಹೇಳುತ್ತಾರೆ, ಯಾರೂ ಕೇಳುವುದಿಲ್ಲ.

ದೊಡ್ಡ ಆಘಾತವಾದದ್ದು ಧಾರಾವಾಹಿಗಳಿಂದ. ಚಂದಾ ಮುಗಿದ ಮೇಲೆ ಕಾಕಾ ಇನ್ನೊಂದು ಆ್ಯಪಿಗೆ ಹೋದರು. ಅಲ್ಲಿ ಮೊದಲ ಕಂತುಗಳು ಪುಕ್ಕಟೆ, ಆಮೇಲೆ ‘ಕಾಯಿನ್’ ಕೊಂಡು ಒಂದೊಂದೇ ಕಂತಿನ ಬೀಗ ತೆಗೆಯಬೇಕು. ಧಾರವಾಡ ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಕಥೆ ಎಂದರೆ ಒಂದು ತಾಸಿನೊಳಗೆ ಮುಗಿಯುವ ವಸ್ತು. ಇಲ್ಲಿ ಮೂರನೇ ಕಂತಿನಲ್ಲಿ ಕೊಲೆ, ಮೂವತ್ತನೆಯದರಲ್ಲಿ ಪತ್ತೇದಾರನ ಹಳೆಯ ಪ್ರೇಮ, ಎಂಬತ್ತರಲ್ಲಿ ಆ ಪ್ರೇಯಸಿಯ ತಂಗಿಯ ಲಗ್ನ. ವಕೀಲನೇ ಕೊಲೆಗಾರನೆಂದು ಕಾಕಾನಿಗೆ ಆರನೇ ಕಂತಿನಲ್ಲೇ ಖಾತ್ರಿ. ಆದರೆ ವಕೀಲ ಸಿಕ್ಕಿಬಿದ್ದರೆ ಅಂಗಡಿ ಬಂದ್ ಆಗುತ್ತದೆ, ಹಾಗಾಗಿ ಅವನನ್ನು ಹಿಡಿಯುವ ಉದ್ದೇಶವೇ ಆ್ಯಪಿನವರಿಗಿಲ್ಲ. “ಗಡಿ ಕೇಸಿಗಿಂತ ಉದ್ದ ಆತಲ್ಲೋ ಇದು” ಎಂದರು ಒಂದು ದಿನ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಆ ದಾಖಲೆ ಮುರಿಯುವುದು ಅಷ್ಟು ಸುಲಭವಲ್ಲ ಎಂದು ಸಮಾಧಾನ ಹೇಳಿದೆ.

ಆಗ ಶುರುವಾಗುತ್ತದೆ ಹಳೆಯ ಕಾಲದ ಗುಣಗಾನ. ಗಡಿಯೂರಿನವರಿಗೆ ಒಂದು ಲಾಭವೆಂದರೆ ಕೊಲೆಗಳು ಎರಡು ಭಾಷೆಯಲ್ಲಿ ಸಿಗುತ್ತಿದ್ದವು. ಕನ್ನಡದಲ್ಲಿ ಎನ್. ನರಸಿಂಹಯ್ಯ: ನಾಲ್ಕನೇ ಇಯತ್ತೆವರೆಗೆ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು, ಪುರುಷೋತ್ತಮ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರನ್ನು ಮನೆಮನೆಗೆ ಕಳಿಸಿದವರು. ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ್: ಸಾವಿರಕ್ಕೂ ಹೆಚ್ಚು ಪುಸ್ತಕ, ಝುಂಝಾರನೂ ಕಾಳಾಪಹಾಡನೂ ಅವರ ಸೃಷ್ಟಿ. ಹೆದರಿಕೆ ಬೇಕೆನಿಸಿದರೆ ನಾರಾಯಣ ಧಾರಪ್. ಕಾಕಾ ಮೂವರನ್ನೂ ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಮಗ್ಗದ ಮನೆಯ ಬಲ್ಬಿನ ಕೆಳಗೆ ಓದಿದವರು. ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. “ಅವ ಛಲೋ ಪುಸ್ತಕ ನೋಡ್ರಿ. ರಾತ್ರೆಲ್ಲಾ ಬಿದ್ಕೊಂಡ ನಾನ ಕೊನಿ ಮಾಡ್ತಿದ್ದೆ.” ಮುಂದೆಂದೋ ಹಾಳೆ ಪೂರ್ತಿಯಿದ್ದ ಪ್ರತಿ ಸಿಕ್ಕಾಗ ಲೇಖಕ ಮಾಡಿದ ಕೊನೆ ತಮ್ಮದಕ್ಕಿಂತ ಸಪ್ಪೆಯಾಗಿ ಕಂಡಿತಂತೆ. ನನಗನಿಸುವುದು, ಕಾಕಾನ ನಿರಾಶೆಯ ಬೇರು ಇಲ್ಲಿದೆ. ಫೋನಿನ ಕಥೆಗೆ ಹರಿದ ಹಾಳೆ ಇಲ್ಲ.

ಆ ಕಾಲದ ಒಂದೇ ದುಷ್ಟತನವೆಂದರೆ ಯಾರೋ ಪುಣ್ಯಾತ್ಮ ಪುಸ್ತಕದ ಮೊದಲ ಪುಟದಲ್ಲೇ ಪೆನ್ಸಿಲಿನಿಂದ “ಕೊಲೆಗಾರ: ಮ್ಯಾನೇಜರ” ಎಂದು ಬರೆದಿಡುತ್ತಿದ್ದ. ಅಂಥವನ ಕೈ ಮುರಿಯಬೇಕು ಎಂದು ಕಾಕಾ ಇವತ್ತಿಗೂ ಕುದಿಯುತ್ತಾರೆ. ಬಾಡಿಗೆ ಅಂಗಡಿ ಮುಚ್ಚಿದಾಗ ರದ್ದಿ ದರದಲ್ಲಿ ಕೊಂಡ ಒಂದು ಪುಸ್ತಕವನ್ನು ಸಾಕ್ಷಿಗೆಂದು ನನ್ನ ಕೈಗಿತ್ತರು. ಪೆನ್ಸಿಲ್ ಅಕ್ಷರ ಮಾಸಿತ್ತು, ಆದರೂ ಓದಬಹುದಿತ್ತು. ಸೊಪ್ಪು ಸೋಸುತ್ತಿದ್ದ ಕಾಕೂ ಬಗ್ಗಿ ನೋಡಿದರು.

“ಇದು ನಿಮ್ಮ ಅಕ್ಷರ ಅಲ್ಲೇನ್ರೀ?”

ಕಾಕಾ ಕನ್ನಡಕ ಹುಡುಕಲು ಒಳಗೆ ಹೋದರು. ಕನ್ನಡಕ ಹಣೆಯ ಮೇಲೇ ಇತ್ತು.

ಕಥೆ ಹೇಗಿರಬೇಕೆಂಬ ವಿಚಾರದಲ್ಲಿ ಹೊರದೇಶದವರೂ ತಲೆ ಕೆಡಿಸಿಕೊಂಡಿದ್ದರು ಎಂದು ಮಾತು ಬದಲಿಸಿದೆ. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದುಹೋಗಿರಬೇಕು, ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಬೇಡ, ಓದುಗರನ್ನು ಮೊದಲೇ ಅಣಿಗೊಳಿಸದೆ ಅವಳಿ ಸೋದರನನ್ನು ತರಕೂಡದು. ಕಾಕಾ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡು, “ಪಾದ್ರಿ ಶ್ಯಾಣ್ಯಾ ಅದಾನ. ಹನ್ನೊಂದನೇದ ಒಂದ ಮರ್ತಾನ: ಓದಿ ಹೇಳಾಂವ ನಡುವ ಅಳಬಾರ್ದು” ಎಂದರು.

ಹಾಗೆಂದು ಕಾಕಾ ಮೋಸ ಹೋಗಿಯೇ ಇಲ್ಲ ಎಂದಲ್ಲ. ಒಂದು ಬೇಸಿಗೆ ರಜೆಯಲ್ಲಿ ಮೊಮ್ಮಗಳು ಅಗಾಥಾ ಕ್ರಿಸ್ಟಿಯ 1926ರ ‘ದ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್’ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತ ದಿನಕ್ಕಿಷ್ಟು ಕನ್ನಡದಲ್ಲಿ ಹೇಳಿದಳು. ಹುಡುಗಿಗೆ ನಟನೆ ಬಾರದು. ಸತ್ತವನು, ಸಾಯಿಸಿದವನು, ಅಡಿಗೆಯವಳು, ಪೊಲೀಸು, ಎಲ್ಲರನ್ನೂ ಸಮಾಜವಿಜ್ಞಾನದ ಪಾಠ ಒಪ್ಪಿಸುವ ಒಂದೇ ದನಿಯಲ್ಲಿ ಹೇಳಿದಳು. ಕಾಕಾನ ಕಿವಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಕೊನೆ ಬಂದಾಗ ಅವರು ತಾಂಬೂಲ ಉಗುಳುವುದನ್ನು ಮರೆತು ಕೂತುಬಿಟ್ಟರಂತೆ. ಆಮೇಲೆ ಲೇಖಕಿಯನ್ನು ಬೈದರು, ಮೊಮ್ಮಗಳನ್ನು ಬೈದರು, ಸಂಜೆ ಆಕೆಗೆ ಕುಂದಾ ತಂದುಕೊಟ್ಟರು. ಆ ಕಥೆಯಲ್ಲಿ ಕೊಲೆಗಾರ ಯಾರೆಂದು ಅವರು ಇವತ್ತಿನವರೆಗೂ ಶಹಾಪುರದಲ್ಲಿ ಒಬ್ಬರಿಗೂ ಹೇಳಿಲ್ಲ. ನಾನೂ ಹೇಳುವುದಿಲ್ಲ.

ಧಾರಾವಾಹಿಯನ್ನು ಅವರು ಬಿಟ್ಟರು ಎಂದೇ ನಂಬಿದ್ದೆ. ಮೊನ್ನೆ ಬೀಗರ ಊರಿನ ಕಾರ್ಯಕ್ಕೆಂದು ಜೊತೆಯಾಗಿ ಖಾನಾಪುರದ ಬಸ್ಸು ಹತ್ತಿದೆವು. ಪೀರನವಾಡಿ ದಾಟುವಾಗ ಮುಂದಿನ ಸೀಟಿನ ಹುಡುಗನ ಫೋನಿನಿಂದ ಅದೇ ಗುಡುಗು, ಅದೇ ತೋಳ. ಕಾಕಾ ಅವನ ಭುಜ ಮುಟ್ಟಿ, “ತಮ್ಮಾ, ಸುಮ್ನ ರೊಕ್ಕಾ ಹಾಳ ಮಾಡಬ್ಯಾಡ. ವಕೀಲನ ಮಾಡ್ಯಾನ” ಎಂದರು.

ಹುಡುಗ ತಿರುಗಿ ನೋಡಿದ. “ಎಲ್ಲಿ ವಕೀಲ್ರೀ ಕಾಕಾ? ಅಂವ ನೂರಾ ಎಂಬತ್ತನೇ ಎಪಿಸೋಡಿನ್ಯಾಗ ಸತ್ತ ಹೋದ.”

ಮಚ್ಛೆ ಬರುವವರೆಗೆ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೂತರು. ಆಮೇಲೆ ಮತ್ತೆ ಭುಜ ಮುಟ್ಟಿದರು.

“ಹೆಣ ಸಿಕ್ಕೈತೇನು?”

“ಹೆಣ ಇಲ್ರೀ. ಸುಟ್ಟ ಕಾರ್ ಸಿಕ್ಕೈತಿ.”

ಕಾಕಾನ ಮುಖ ಅರಳಿತು. ನನ್ನ ಕಡೆ ತಿರುಗಿ ಮೆಲ್ಲಗೆ, “ನಿಮ್ಮ ಫೋನಿನ್ಯಾಗ ರೊಕ್ಕಾ ಅದಾವೇನ್ರಿ? ಒಂದಿಷ್ಟ ಕಾಯಿನ್ ಹಾಕ್ಸೂದೈತಿ” ಎಂದರು.